ಇಂದಿನ ಪಾಟಿಯಿಂದ ನಾಳೆಯ ಪಾಠ: ತರಗತಿಯಲ್ಲಿ ರೂಪಣಾತ್ಮಕ ಮೌಲ್ಯಮಾಪನ ಮಾಡುವ ಬಗೆ

ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಗೊಂಡ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ. ಗದಗ ಕಡೆಯ ಮಕ್ಕಳಲ್ಲಿ ಬಹಳ ಮಂದಿ ಅದನ್ನು ಕಣ್ಣಾರೆ ಕಂಡವರು. ಆರನೇ ತರಗತಿಗೆ ದಶಮಾಂಶ ಕಲಿಸುವಾಗ ನಾನು ಅದೇ ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು, ಇದು ಎಷ್ಟು ಕಿಲೋಮೀಟರ್ ಎಂದು ಕೇಳಿದೆ. 36 ಮಕ್ಕಳಲ್ಲಿ 29 ಮಂದಿ 1.507 ಎಂದು ಬರೆದರು. ಪಾಠ ಮುಟ್ಟಿತು ಎಂಬ ಸಂತೋಷದಲ್ಲಿ ಮುಂದಿನ ಘಟಕಕ್ಕೆ ಹೋದೆ. ಒಂದು ವಾರ ಕಳೆದ ಮೇಲೆ, ಊರಿನಿಂದ ಕೆರೆಗೆ 2 ಕಿಲೋಮೀಟರ್ 45 ಮೀಟರ್ ಇದ್ದರೆ ಅದನ್ನು ಕಿಲೋಮೀಟರಿನಲ್ಲಷ್ಟೇ ಹೇಗೆ ಬರೆಯುವಿರಿ ಎಂದು ಕೇಳಿದಾಗ, ಅದೇ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು 2.45 ಎಂದು ಬರೆದಿದ್ದರು.

ಮಕ್ಕಳು ಮಾಡಿದ್ದು ಇಷ್ಟೇ: ಕಿಲೋಮೀಟರಿನ ಅಂಕಿಗೂ ಮೀಟರಿನ ಅಂಕಿಗೂ ನಡುವೆ ಒಂದು ಬಿಂದು ಇಟ್ಟಿದ್ದರು. 1507ರಲ್ಲಿ ಆ ತಪ್ಪು ದಾರಿಯೂ ಸರಿಯಾದ ಉತ್ತರಕ್ಕೇ ತಲುಪುತ್ತದೆ; 45ರಲ್ಲಿ ತಲುಪುವುದಿಲ್ಲ, ಏಕೆಂದರೆ ಅಲ್ಲಿ ನೂರರ ಸ್ಥಾನ ಖಾಲಿಯಿದೆ ಮತ್ತು ಆ ಖಾಲಿ ಜಾಗಕ್ಕೆ ಸೊನ್ನೆ ಬರಬೇಕು. ಸರಿಯುತ್ತರ ಬಂದ ದಿನವೇ ನಾನು ಮೋಸ ಹೋಗಿದ್ದೆ. ಅದರಲ್ಲಿ ಮಕ್ಕಳದೇನೂ ತಪ್ಪಿರಲಿಲ್ಲ, ತಪ್ಪಿದ್ದು ನಾನು ಆರಿಸಿಕೊಂಡ ಪ್ರಶ್ನೆಯಲ್ಲಿ. ಈ ಲೇಖನ ಆ ಅನುಭವದಿಂದ ಹುಟ್ಟಿದ್ದು. ಧಾರವಾಡ, ಗದಗ, ಹಾವೇರಿ ಭಾಗದ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಪಾಠ ಮಾಡುವ ಶಿಕ್ಷಕ ಬಂಧುಗಳಿಗೆ ನೇರವಾಗಿ ಉಪಯೋಗಕ್ಕೆ ಬರಲಿ ಎಂಬ ಉದ್ದೇಶದಿಂದ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲಿಗೆ ಹೆಸರಿನ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ನಮ್ಮ ರಾಜ್ಯದ ಶಾಲೆಗಳಲ್ಲಿ ವರ್ಷಕ್ಕೆ 4 ರೂಪಣಾತ್ಮಕ ಮತ್ತು 2 ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಶಿಕ್ಷಕರ ಕೋಣೆಯಲ್ಲಿ ನಾವು ಅವನ್ನು ಎಫ್‌ಎ, ಎಸ್‌ಎ ಎಂದೇ ಕರೆಯುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪರಿಚ್ಛೇದವು ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿಯೂ ವ್ಯಾಪಕವಾಗಿಯೂ ಅಳೆಯಬೇಕೆಂದು ಹೇಳಿದ ಮೇಲೆ ಈ ವ್ಯವಸ್ಥೆ ಎಲ್ಲ ಶಾಲೆಗಳಲ್ಲೂ ಬೇರೂರಿತು. ಆದರೆ ಆಚರಣೆಯಲ್ಲಿ ರೂಪಣಾತ್ಮಕ ಎಂಬ ಪದಕ್ಕೆ ‘ಸಣ್ಣ ಪರೀಕ್ಷೆ’ ಎಂಬ ಅರ್ಥ ಅಂಟಿಕೊಂಡುಬಿಟ್ಟಿದೆ. ಅಂಕ ಹಾಕಿ, ವಹಿಯಲ್ಲಿ ತುಂಬಿ, ಸಹಿ ಮಾಡಿಸಿ ಮುಚ್ಚಿಟ್ಟರೆ ಅದು ಎಷ್ಟೇ ಸಣ್ಣದಿದ್ದರೂ ಸಂಕಲನಾತ್ಮಕವೇ ಆಗಿ ಉಳಿಯುತ್ತದೆ. 1967ರಲ್ಲಿ ಮೌಲ್ಯಮಾಪನ ತಜ್ಞ ಮೈಕೆಲ್ ಸ್ಕ್ರಿವೆನ್ ಈ ಎರಡು ಬಗೆಗಳನ್ನು ಬೇರ್ಪಡಿಸಿ ಹೆಸರಿಟ್ಟಾಗಲೂ, ನಂತರ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಅದನ್ನು ಮಕ್ಕಳ ಕಲಿಕೆಗೆ ಅನ್ವಯಿಸಿದಾಗಲೂ ಮುಖ್ಯವಾಗಿದ್ದದ್ದು ಮಾಹಿತಿಯ ಬಳಕೆ. ಬೇಳೆ ಬೆಂದಿತೇ ಎಂದು ಒಲೆಯ ಮುಂದೆ ನಿಂತು ಒಂದು ಕಾಳು ಹಿಚುಕಿ ನೋಡುವುದು ರೂಪಣಾತ್ಮಕ, ಏಕೆಂದರೆ ಇನ್ನೂ ಉರಿ ಹೆಚ್ಚಿಸಬಹುದು, ನೀರು ಸೇರಿಸಬಹುದು. ಎಲೆಗೆ ಬಡಿಸಿದ ಮೇಲೆ ಬರುವ ಮಾತು ಸಂಕಲನಾತ್ಮಕ. ನಾನು ನನಗೆ ಹಾಕಿಕೊಂಡಿರುವ ಪರೀಕ್ಷೆ ಒಂದೇ: ಇಂದು ಮಕ್ಕಳಿಂದ ತಿಳಿದದ್ದರಿಂದ ನಾಳೆಯ ಪಾಠದಲ್ಲಿ ಏನಾದರೂ ಬದಲಾಯಿತೇ?

ಮೊದಲ ಹೆಜ್ಜೆ: ಕಲಿಕಾ ಫಲವನ್ನು ಒಂದು ವಾಕ್ಯದಲ್ಲಿ ಬರೆಯುವುದು

ಪಾಠ ಯೋಜನೆಯಲ್ಲಿ ‘ವಿದ್ಯಾರ್ಥಿಗಳು ದಶಮಾಂಶವನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆದರೆ ಅದನ್ನು ಯಾರೂ ಪರೀಕ್ಷಿಸಲಾರರು. ಅದರ ಬದಲು, ‘ಕಿಲೋಮೀಟರ್ ಮತ್ತು ಮೀಟರಿನಲ್ಲಿ ಕೊಟ್ಟ ಉದ್ದವನ್ನು ಕಿಲೋಮೀಟರಿಗೆ ಬದಲಿಸಿ, ಎಲ್ಲಿ ಸೊನ್ನೆ ಬರಬೇಕು, ಏಕೆ ಬರಬೇಕು ಎಂಬುದನ್ನು ಹೇಳುವರು’ ಎಂದು ಬರೆದರೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಶಿಕ್ಷಕರಿಗೇ ಸ್ಪಷ್ಟವಾಗುತ್ತದೆ. ಬರೆಯುವರು, ಹೇಳುವರು, ಹೋಲಿಸುವರು, ವಿಂಗಡಿಸುವರು ಎಂಬಂಥ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕ್ರಿಯಾಪದವೊಂದು ವಾಕ್ಯದಲ್ಲಿ ಇರಲೇಬೇಕು. ಒಂದು ಅವಧಿಗೆ ಒಂದೇ ವಾಕ್ಯ ಸಾಕು. ಆ ವಾಕ್ಯವನ್ನು ಮಕ್ಕಳ ಮಾತಿನಲ್ಲಿ ಹಲಗೆಯ ಮೂಲೆಯಲ್ಲಿ ಬರೆದಿಡುವುದು ಒಳ್ಳೆಯದು. ತಾವು ಎಲ್ಲಿಗೆ ಹೊರಟಿದ್ದೇವೆಂದು ತಿಳಿದ ಮಗು ದಾರಿ ತಪ್ಪಿದಾಗ ತಾನೇ ಗುರುತಿಸುತ್ತದೆ.

ಎರಡನೇ ಹೆಜ್ಜೆ: ಪ್ರಶ್ನೆಯನ್ನು ಹಿಂದಿನ ಸಂಜೆಯೇ ಸಿದ್ಧಪಡಿಸುವುದು

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಾಠದ ನಡುವೆ ಬಾಯಿಗೆ ಬಂದ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಅದು ನೆನಪಿನ ಪ್ರಶ್ನೆಯಾಗಿರುತ್ತದೆ. ‘ತಿಳೀತಾ?’ ಎಂಬುದಂತೂ ಪ್ರಶ್ನೆಯೇ ಅಲ್ಲ, ಅದಕ್ಕೆ ‘ಹೂಂ ರೀ’ ಎಂಬ ಒಂದೇ ಉತ್ತರವಿದೆ. ಮಗುವಿನ ತಲೆಯಲ್ಲಿ ಯಾವ ತಪ್ಪು ಕಲ್ಪನೆ ಇರಬಹುದು ಎಂದು ಮೊದಲು ಊಹಿಸಿ, ಆ ತಪ್ಪು ಕಲ್ಪನೆ ಇದ್ದರೆ ಬೇರೆಯೇ ಉತ್ತರ ಬರುವಂತೆ ಪ್ರಶ್ನೆಯನ್ನು ಹೆಣೆಯಬೇಕು.

2 ಕಿಲೋಮೀಟರ್ 45 ಮೀಟರಿನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮೂರು ಆಯ್ಕೆಗಳನ್ನು ಕೊಡಬಹುದು: ಮೊದಲನೆಯದು 2.45, ಎರಡನೆಯದು 20.45, ಮೂರನೆಯದು 2.045. ಮೊದಲನೆಯದನ್ನು ಆರಿಸಿದ ಮಗು ಬಿಂದುವನ್ನು ಎರಡು ಅಳತೆಗಳ ನಡುವಿನ ಗೆರೆ ಎಂದು ತಿಳಿದಿದೆ. ಎರಡನೆಯದನ್ನು ಆರಿಸಿದ ಮಗು ಒಟ್ಟು 2045 ಮೀಟರ್ ಎಂಬಲ್ಲಿಯವರೆಗೆ ಸರಿಯಾಗಿ ಬಂದು, ಕಿಲೋಮೀಟರಿಗೆ 1000ದ ಬದಲು 100ರಿಂದ ಭಾಗಿಸಿದೆ. ಮೀಟರ್ ಮತ್ತು ಸೆಂಟಿಮೀಟರಿನ ಸಂಬಂಧ ಅದರ ನೆನಪಿನಲ್ಲಿ ಇಲ್ಲಿಗೆ ಬಂದು ಸೇರಿಕೊಂಡಿದೆ. ಈ ಇಬ್ಬರಿಗೂ ಬೇಕಾದ ಔಷಧಿ ಬೇರೆ ಬೇರೆ. ಮೊದಲನೆಯವರಿಗೆ ಸ್ಥಾನಬೆಲೆಯ ಪಾಠ ಮತ್ತೆ ಬೇಕು, ಎರಡನೆಯವರಿಗೆ ಅಳತೆಯ ಒಂದು ನೆನಪು ಸರಿಹೋದರೆ ಸಾಕು. ಇಬ್ಬರಿಗೂ ‘ತಪ್ಪು’ ಎಂದು ಕೆಂಪು ಗೆರೆ ಎಳೆದರೆ ಈ ವ್ಯತ್ಯಾಸವೇ ಕಾಣುವುದಿಲ್ಲ.

ಭಿನ್ನರಾಶಿಯಲ್ಲಿ ಇಂಥದೇ ಒಂದು ಪ್ರಶ್ನೆ ಇದೆ. ಒಂದೇ ಅಳತೆಯ ಎರಡು ಜೋಳದ ರೊಟ್ಟಿಗಳಲ್ಲಿ ಒಂದನ್ನು 3 ಸಮಭಾಗ, ಇನ್ನೊಂದನ್ನು 4 ಸಮಭಾಗ ಮಾಡಿದರೆ ಯಾವ ತುಂಡು ದೊಡ್ಡದು ಎಂದು ಕೇಳಿದರೆ ಎಲ್ಲರೂ ಸರಿಯಾಗಿ ಹೇಳುತ್ತಾರೆ. ಅದೇ ಮಕ್ಕಳಿಗೆ ಹಲಗೆಯ ಮೇಲೆ 1/3 ಮತ್ತು 1/4 ಬರೆದು ಯಾವುದು ದೊಡ್ಡದು ಎಂದು ಕೇಳಿದರೆ ಕೆಲವರು 4 ದೊಡ್ಡದು, ಆದ್ದರಿಂದ 1/4 ದೊಡ್ಡದು ಎನ್ನುತ್ತಾರೆ. ಅಂದರೆ ರೊಟ್ಟಿಯ ತಿಳಿವಳಿಕೆ ಇದೆ, ಅದಕ್ಕೂ ಬರಹದ ಚಿಹ್ನೆಗೂ ಸೇತುವೆ ಇಲ್ಲ. ಎರಡೂ ಪ್ರಶ್ನೆಗಳನ್ನು ಬೆನ್ನುಬೆನ್ನಿಗೆ ಕೇಳಿದಾಗ ಮಾತ್ರ ಇದು ಹೊರಗೆ ಬರುತ್ತದೆ. 0.45 ಮತ್ತು 0.5ರಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆಯೂ ಹಾಗೆಯೇ. 45 ದೊಡ್ಡದು ಎಂಬ ಪೂರ್ಣಾಂಕದ ಅಭ್ಯಾಸ ಅಲ್ಲಿ ಬಯಲಿಗೆ ಬರುತ್ತದೆ.

ವಿಜ್ಞಾನದಲ್ಲಿ ನನಗೆ ಬಹಳ ಪ್ರಿಯವಾದ ಪ್ರಶ್ನೆಯೊಂದಿದೆ. ಬಿತ್ತುವಾಗ ಜೋಳದ ಕಾಳು ಚಿಟಿಕೆಯಷ್ಟಿರುತ್ತದೆ, ಕೊಯ್ಲಿನ ಹೊತ್ತಿಗೆ ಆಳೆತ್ತರದ ದಂಟು, ಬಣವೆಗಟ್ಟಲೆ ಕಣಿಕೆ ಆಗುತ್ತದೆ. ಈ ಅಷ್ಟು ತೂಕ ಎಲ್ಲಿಂದ ಬಂತು? ಎರೆಭೂಮಿಯಲ್ಲಿ ದುಡಿಯುವ ಮನೆಗಳ ಮಕ್ಕಳು ಗಟ್ಟಿ ಧ್ವನಿಯಲ್ಲಿ ‘ಮಣ್ಣಿನಿಂದ’, ‘ಗೊಬ್ಬರದಿಂದ’ ಎನ್ನುತ್ತಾರೆ. ದ್ಯುತಿಸಂಶ್ಲೇಷಣೆಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುವ ಮಕ್ಕಳೂ ಹಾಗೆಯೇ ಹೇಳುತ್ತಾರೆ. ಆಗ 17ನೇ ಶತಮಾನದ ವಾನ್ ಹೆಲ್ಮಾಂಟನ ಪ್ರಯೋಗವನ್ನು ಅವರ ಮುಂದಿಡಬಹುದು. ಆತ ತೂಗಿದ 200 ಪೌಂಡ್ ಒಣಮಣ್ಣಿನಲ್ಲಿ ವಿಲೋ ಸಸಿ ನೆಟ್ಟು 5 ವರ್ಷ ನೀರೆರೆದ. ಗಿಡದ ತೂಕ 164 ಪೌಂಡಿನಷ್ಟು ಏರಿತು, ಮಣ್ಣು ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ. ಎಲ್ಲವೂ ನೀರಿನಿಂದಲೇ ಬಂತೆಂದು ಆತ ತಿಳಿದ. ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡಿನ ಪಾಲು ಆತನಿಗೆ ಗೊತ್ತಿರಲಿಲ್ಲ. ಮಕ್ಕಳ ಊಹೆ ಮೊದಲು ಹೊರಗೆ ಬಂದಿದ್ದರೆ ಮಾತ್ರ ಈ ಲೆಕ್ಕ ಅವರನ್ನು ಬೆಚ್ಚಿಬೀಳಿಸುತ್ತದೆ, ಇಲ್ಲದಿದ್ದರೆ ಅದು ಒಪ್ಪಿಸಬೇಕಾದ ಇನ್ನೊಂದು ಸಂಗತಿಯಾಗುತ್ತದೆ.

ಇಂಥ ಪ್ರಶ್ನೆಗಳು ಒಂದೇ ಸಂಜೆಯಲ್ಲಿ ಹುಟ್ಟುವುದಿಲ್ಲ. ಹಿಂದಿನ ವರ್ಷದ ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳೇ ಅದಕ್ಕೆ ಒಳ್ಳೆಯ ಗಣಿ.

ಮೂರನೇ ಹೆಜ್ಜೆ: ಪ್ರತಿ ಮಗುವಿನ ಉತ್ತರವನ್ನೂ ಕಾಣುವುದು

ಕೈ ಎತ್ತಿದವರನ್ನು ಕೇಳುವ ಪದ್ಧತಿಯಲ್ಲಿ ಮುಂದಿನ ಸಾಲಿನ ಐದಾರು ಮಕ್ಕಳೇ ಇಡೀ ತರಗತಿಯ ಪರವಾಗಿ ಉತ್ತರಿಸುತ್ತಾರೆ, ಮತ್ತು ಶಿಕ್ಷಕರು ಅದನ್ನೇ ತರಗತಿಯ ತಿಳಿವಳಿಕೆ ಎಂದು ನಂಬುತ್ತಾರೆ. ಇದಕ್ಕೆ ನಮ್ಮ ಶಾಲೆಗಳಲ್ಲಿ ಹಳೆಯ, ಅಗ್ಗದ, ನಿಖರವಾದ ಸಾಧನವೊಂದಿದೆ: ಪಾಟಿ. ಪ್ರಶ್ನೆ ಕೇಳಿ, ಬರೆಯಲು ಸಮಯ ಕೊಟ್ಟು, ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಪಾಟಿ ಎತ್ತಿ ಹಿಡಿಯಬೇಕು. ಒಟ್ಟಿಗೆ ಎಂಬುದು ಮುಖ್ಯ, ಇಲ್ಲದಿದ್ದರೆ ಪಕ್ಕದವರ ಪಾಟಿ ನೋಡಿ ಅಳಿಸಿ ಬರೆಯುವುದು ಸಹಜ. ಆಯ್ಕೆಯ ಪ್ರಶ್ನೆಯಾದರೆ ಎದೆಯ ಮುಂದೆ ಬೆರಳು ತೋರಿಸಿದರೂ ಆಯಿತು. 40 ಮಕ್ಕಳ ತರಗತಿಯಲ್ಲಿ ಇದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ನಾವು ಕಲಿಯಬೇಕಾಗಿದೆ. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಮೇರಿ ಬಡ್ ರೋ ಅವರು ತರಗತಿಗಳ ಧ್ವನಿಮುದ್ರಿಕೆಗಳನ್ನು ಕೇಳಿ ಕಂಡುಕೊಂಡರು. ಮೂರು ಸೆಕೆಂಡು ಕಡಿಮೆ ಎನಿಸಬಹುದು. ಮೌನವಾಗಿ ನಿಂತು ನೋಡಿದರೆ ಅದೆಷ್ಟು ದೀರ್ಘವೆಂದು ಗೊತ್ತಾಗುತ್ತದೆ. ನಾನು ಮನಸ್ಸಿನಲ್ಲಿ ಐದರವರೆಗೆ ಎಣಿಸಿಕೊಳ್ಳುತ್ತೇನೆ.

ಇನ್ನೊಂದು ವಿಷಯವನ್ನು ನಮ್ಮ ಭಾಗದ ಶಿಕ್ಷಕರು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ. ‘ಅಲ್ಲೆ ಸೊನ್ನಿ ಯಾಕ ಬಂತು?’ ಎಂದು ಕೇಳಿದರೆ ಒಬ್ಬ ಹುಡುಗಿ, ‘ನೂರರ ಮನ್ಯಾಗ ಯಾರೂ ಇಲ್ರಿ, ಅದಕ್ಕ’ ಎಂದಳು. ಇದಕ್ಕಿಂತ ಒಳ್ಳೆಯ ವಿವರಣೆ ಪಠ್ಯಪುಸ್ತಕದಲ್ಲಿ ಇಲ್ಲ. ಆ ಕ್ಷಣದಲ್ಲಿ ಅವಳ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಲು ಹೋಗಿದ್ದರೆ ಅವಳು ಮತ್ತೆ ಬಾಯಿ ಬಿಡುತ್ತಿರಲಿಲ್ಲ. ಮನೆಯ ಮಾತಿನಲ್ಲಿ ಯೋಚಿಸಿ ಹೇಳಲು ಬಿಡಬೇಕು; ಬರಹದ ಭಾಷೆಯನ್ನು ಕನ್ನಡದ ಅವಧಿಯಲ್ಲಿ, ಅದರದ್ದೇ ಗುರಿಯಿಟ್ಟು ಕಲಿಸಬೇಕು. ಹುಬ್ಬಳ್ಳಿಯ ಓಣಿಗಳಲ್ಲಿ ಉರ್ದು ಮಾತನಾಡುವ ಮಕ್ಕಳಿಗೂ, ಗದಗ ಸೀಮೆಯ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳಿಗೂ ಮೊದಲು ಜೊತೆಗಾರರೊಡನೆ ತಮ್ಮ ಭಾಷೆಯಲ್ಲಿ ಒಂದು ನಿಮಿಷ ಚರ್ಚಿಸಲು ಬಿಟ್ಟರೆ, ಅವರು ಲೆಕ್ಕ ತಿಳಿಯದೆ ಸುಮ್ಮನಿದ್ದಾರೋ ಕನ್ನಡದ ಪದ ಸಿಗದೆ ಸುಮ್ಮನಿದ್ದಾರೋ ಎಂಬುದು ಸ್ಪಷ್ಟವಾಗುತ್ತದೆ.

ನಾಲ್ಕನೇ ಹೆಜ್ಜೆ: ಅಲ್ಲಿಯೇ ತೀರ್ಮಾನ ತೆಗೆದುಕೊಳ್ಳುವುದು

ಪಾಟಿಗಳನ್ನು ನೋಡಿದ ಮೇಲೆ ಏನು ಮಾಡಬೇಕೆಂಬುದನ್ನು ಮೊದಲೇ ನಿರ್ಧರಿಸಿಟ್ಟುಕೊಳ್ಳದಿದ್ದರೆ, ತಪ್ಪುಗಳನ್ನು ಕಂಡೂ ಅದೇ ಪಾಠವನ್ನು ಇನ್ನಷ್ಟು ಗಟ್ಟಿ ಧ್ವನಿಯಲ್ಲಿ ಹೇಳಿ ಮುಗಿಸುತ್ತೇವೆ. ನಾನು ಅನುಸರಿಸುವ ಕ್ರಮ ಹೀಗಿದೆ. ತಪ್ಪಿದವರು ನಾಲ್ಕೈದು ಮಂದಿ ಮಾತ್ರ ಇದ್ದರೆ ಉಳಿದವರಿಗೆ ಅಭ್ಯಾಸದ ಲೆಕ್ಕ ಕೊಟ್ಟು ಆ ನಾಲ್ಕೈದು ಮಂದಿಯೊಂದಿಗೆ ಕೂರುತ್ತೇನೆ. ತರಗತಿ ಹೆಚ್ಚುಕಡಿಮೆ ಇಬ್ಭಾಗವಾಗಿದ್ದರೆ ಸರಿಯುತ್ತರ ಯಾವುದೆಂದು ಹೇಳದೆ, ಬೇರೆ ಉತ್ತರ ಬರೆದವರನ್ನು ಜೋಡಿ ಮಾಡಿ, ಒಬ್ಬರು ಇನ್ನೊಬ್ಬರನ್ನು ಒಪ್ಪಿಸಲು ಮೂರು ನಿಮಿಷ ಕೊಟ್ಟು, ಮತ್ತೆ ಪಾಟಿ ಎತ್ತಿಸುತ್ತೇನೆ. ಭೌತವಿಜ್ಞಾನದ ದೊಡ್ಡ ತರಗತಿಗಳಿಗಾಗಿ ಹಾರ್ವರ್ಡಿನ ಎರಿಕ್ ಮಜೂರ್ ರೂಪಿಸಿದ ಈ ವಿಧಾನ ನಮ್ಮ ಹಳ್ಳಿಯ ಆರನೇ ತರಗತಿಯಲ್ಲೂ ಚೆನ್ನಾಗಿ ನಡೆಯುತ್ತದೆ. ಸರಿಯುತ್ತರ ಬರೆದವರು ಬೆರಳೆಣಿಕೆಯಷ್ಟಿದ್ದರೆ ಚರ್ಚೆಯಿಂದ ಪ್ರಯೋಜನವಿಲ್ಲ, ಪಾಠವನ್ನೇ ಬೇರೆ ದಾರಿಯಿಂದ ಮತ್ತೆ ಮಾಡಬೇಕು.

ಬೇರೆ ದಾರಿ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. 2.45ರ ಪೆಟ್ಟು ತಿಂದ ಮೇಲೆ ನಾನು 10 ಮೀಟರ್ ಉದ್ದದ ಹಗ್ಗ ತೆಗೆದುಕೊಂಡು ಮಕ್ಕಳನ್ನು ಬಯಲಿಗೆ ಕರೆದೊಯ್ದೆ. ಈ ಹಗ್ಗವನ್ನು ಎಷ್ಟು ಸಲ ಹಾಸಿದರೆ ಒಂದು ಕಿಲೋಮೀಟರ್ ಆಗುತ್ತದೆ? ನೂರು ಸಲ. ಹಾಗಾದರೆ ಒಂದು ಹಗ್ಗ ಎಂದರೆ ಕಿಲೋಮೀಟರಿನ ಶತಾಂಶ, 0.01. ನಾಲ್ಕು ಸಲ ಹಾಸಿ, ಅರ್ಧ ಮಡಚಿ ಇನ್ನೊಮ್ಮೆ ಹಾಸಿದರೆ 45 ಮೀಟರ್. ಒಂದು ದಶಾಂಶ ಕಿಲೋಮೀಟರ್ ಆಗಬೇಕಾದರೆ ಹತ್ತು ಹಗ್ಗ, ಎಂದರೆ ನೂರು ಮೀಟರ್ ಬೇಕು, ನಮ್ಮ ಬಳಿ ನಾಲ್ಕೂವರೆ ಮಾತ್ರ ಇದೆ. ಅಂದಮೇಲೆ ದಶಾಂಶದ ಮನೆ ಖಾಲಿ. ಆ ಹುಡುಗಿ ಹೇಳಿದ ‘ನೂರರ ಮನ್ಯಾಗ ಯಾರೂ ಇಲ್ರಿ’ ಎಂಬ ಮಾತು ಹುಟ್ಟಿದ್ದು ಈ ಬಯಲಿನಲ್ಲಿ. ಒಂದು ಅವಧಿ ಹೆಚ್ಚು ಹಿಡಿಯಿತು. ಪಠ್ಯ ಮುಗಿಸುವ ಒತ್ತಡ ನನಗೂ ಇದೆ, ಆದರೆ ದಶಮಾಂಶ ನಿಲ್ಲದ ತಲೆಯ ಮೇಲೆ ಶೇಕಡಾವಾರು ಕಟ್ಟಲು ಹೋಗಿ ಏಳನೇ ತರಗತಿಯಲ್ಲಿ ಕಳೆಯುವ ಅವಧಿಗಳ ಮುಂದೆ ಇದು ಏನೂ ಅಲ್ಲ.

ಐದನೇ ಹೆಜ್ಜೆ: ವಹಿಯಲ್ಲಿ ಮಾತು ಬರೆಯುವುದು, ಅಂಕವನ್ನು ತಡೆಹಿಡಿಯುವುದು

ಬರಹದ ಹಿಮ್ಮಾಹಿತಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಬದಲಿಸಿದ್ದು ರೂತ್ ಬಟ್ಲರ್ ಅವರು 1988ರಲ್ಲಿ ಇಸ್ರೇಲಿನ ಶಾಲಾ ಮಕ್ಕಳ ಮೇಲೆ ನಡೆಸಿ ಪ್ರಕಟಿಸಿದ ಅಧ್ಯಯನ. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ ಕೊಡಲಾಯಿತು. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಟಿಪ್ಪಣಿ ಮಾತ್ರ ಪಡೆದವರು. ಎರಡನ್ನೂ ಪಡೆದವರಿಗೆ ಟಿಪ್ಪಣಿಯಿಂದ ಲಾಭವಾಗಲಿಲ್ಲ. ಇದನ್ನು ನಮ್ಮ ತರಗತಿಯಲ್ಲೇ ಕಾಣಬಹುದು: 10ಕ್ಕೆ 6 ಎಂದು ಬರೆದು ಕೆಳಗೆ ಎರಡು ಸಾಲು ಬರೆದ ವಹಿಯನ್ನು ಮಕ್ಕಳು ತೆರೆದ ಕೂಡಲೇ ನೋಡುವುದು ತಮ್ಮ 6ನ್ನು, ಅದಾದ ಮೇಲೆ ಪಕ್ಕದವರ ಅಂಕವನ್ನು. ಕೆಳಗಿನ ಸಾಲುಗಳನ್ನು ಓದುವವರು ಅಪರೂಪ. ಆದ್ದರಿಂದ ದಿನನಿತ್ಯದ ಕೆಲಸಕ್ಕೆ ಅಂಕ ಹಾಕಬೇಡಿ. ಇಲಾಖೆ ಕೇಳುವ ನಾಲ್ಕು ಸಂದರ್ಭಗಳಲ್ಲಿ ಹಾಕಿದರೆ ಸಾಕು, ಅದೂ ಮಗು ತಿದ್ದಿಕೊಂಡ ಮೇಲೆ.

‘ಉತ್ತಮ’, ‘ಇನ್ನೂ ಪ್ರಯತ್ನ ಬೇಕು’, ‘ಅಕ್ಷರ ದುಂಡಗಿರಲಿ’ ಎಂಬ ಟಿಪ್ಪಣಿಗಳಿಂದ ಮಗುವಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ಕೆಲಸಕ್ಕೆ ಬರುವ ಟಿಪ್ಪಣಿ ಹೀಗಿರುತ್ತದೆ: ‘3 ಮತ್ತು 5ನೇ ಲೆಕ್ಕದಲ್ಲಿ ಒಂದೇ ಬಗೆಯ ತಪ್ಪಿದೆ. ಹಗ್ಗದ ಚಿತ್ರ ಬರೆದು, ಯಾವ ಮನೆ ಖಾಲಿ ಇದೆ ಎಂದು ಹುಡುಕು.’ ಎಲ್ಲಿ ತಪ್ಪಿದೆ ಎಂಬ ಸುಳಿವು ಅದರಲ್ಲಿದೆ, ಉತ್ತರ ಇಲ್ಲ. ಕನ್ನಡದ ಪ್ರಬಂಧಕ್ಕೆ ಬಂದರೆ, ನಮ್ಮೂರ ಜಾತ್ರೆಯ ಬಗ್ಗೆ ಬರೆದ ಮಗುವಿಗೆ ಮಹಾಪ್ರಾಣದ ಹದಿನೈದು ತಪ್ಪುಗಳನ್ನೂ ಕೆಂಪು ಶಾಯಿಯಲ್ಲಿ ಸುತ್ತುವುದಕ್ಕಿಂತ, ‘ತೇರು ಎಳೆಯುವ ಭಾಗ ಚೆನ್ನಾಗಿದೆ, ಅಲ್ಲಿ ನೀನು ಕೇಳಿದ ಸದ್ದುಗಳನ್ನು ಎರಡು ವಾಕ್ಯದಲ್ಲಿ ಸೇರಿಸು, “ರಥ”ದ “ಥ” ಮೂರು ಕಡೆ ತಪ್ಪಿದೆ, ಹುಡುಕಿ ತಿದ್ದು’ ಎಂದು ಬರೆದರೆ ಮಗು ಕೂತು ತಿದ್ದುತ್ತದೆ.

ಟಿಪ್ಪಣಿ ಬರೆದ ಮರುದಿನ ತರಗತಿಯ ಮೊದಲ ಹತ್ತು ನಿಮಿಷವನ್ನು ತಿದ್ದುಪಡಿಗೇ ಮೀಸಲಿಡಬೇಕು. ಮನೆಯಲ್ಲಿ ಮಾಡಿಕೊಂಡು ಬಾ ಎಂದರೆ ಆಗುವುದಿಲ್ಲ. ಇಷ್ಟೆಲ್ಲ ಬರೆಯಲು ಸಮಯ ಎಲ್ಲಿದೆ ಎಂಬುದು ನ್ಯಾಯವಾದ ಪ್ರಶ್ನೆ. ನಾನು ದಿನಕ್ಕೆ 36 ವಹಿ ನೋಡುವುದನ್ನು ಬಿಟ್ಟು, 9ರಂತೆ ನಾಲ್ಕು ದಿನಕ್ಕೆ ಹಂಚಿಕೊಂಡಿದ್ದೇನೆ. ಎಲ್ಲ ವಹಿಗೂ ಸರಿ ಚಿಹ್ನೆ ಹಾಕಿ ಸಂಜೆ ಕಳೆಯುತ್ತಿದ್ದ ವರ್ಷಗಳಿಗಿಂತ ಈಗ ನನಗೆ ಮಕ್ಕಳು ಹೆಚ್ಚು ಗೊತ್ತು.

ಆರನೇ ಹೆಜ್ಜೆ: ಮಗುವೇ ತನ್ನ ಕೆಲಸವನ್ನು ನೋಡಿಕೊಳ್ಳುವುದು

ನಲಿ-ಕಲಿ ತರಗತಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯವ್ಯಾಪಿಯಾದ ಆ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಗು ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ತಾನೇ ತೋರಿಸುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ನಾವು ಆ ಏಣಿಯನ್ನು ಕಿತ್ತುಕೊಳ್ಳುತ್ತೇವೆ ಎಂಬುದು ನನ್ನ ಬಹುಕಾಲದ ಕೊರಗು. ಮೇಲಿನ ತರಗತಿಗಳಲ್ಲಿ ಅದಕ್ಕೆ ಸರಳ ಪರ್ಯಾಯವೆಂದರೆ ಬಾಗಿಲ ಚೀಟಿ. ಅವಧಿ ಮುಗಿಯುವ ಐದು ನಿಮಿಷ ಮೊದಲು ಅಂಗೈಯಗಲದ ಚೀಟಿಯಲ್ಲಿ ಒಂದು ಲೆಕ್ಕವನ್ನೋ ಒಂದು ವಾಕ್ಯವನ್ನೋ ಬರೆದು, ಕೆಳಗೆ ‘ನನಗೆ ಇನ್ನೂ ತಿಳಿಯದ್ದು’ ಎಂದು ಒಂದು ಸಾಲು ಸೇರಿಸಿ, ಹೊರಗೆ ಹೋಗುವಾಗ ಡಬ್ಬಿಗೆ ಹಾಕಬೇಕು. ‘ತಿಳಿದಿದೆ’, ‘ಸ್ವಲ್ಪ ತಿಳಿದಿದೆ’ ಎಂದು ಬಣ್ಣದ ಚುಕ್ಕೆ ಅಂಟಿಸುವ ಪದ್ಧತಿಯನ್ನು ನಾನು ಕೈಬಿಟ್ಟೆ, ಏಕೆಂದರೆ ಗುರುಗಳಿಗೆ ಬೇಸರವಾಗಬಾರದೆಂದು ಮಕ್ಕಳು ಹಸಿರನ್ನೇ ಅಂಟಿಸುತ್ತಿದ್ದರು. ಚೀಟಿಗಳನ್ನು ಸಂಜೆ ಮೂರು ಗುಡ್ಡೆ ಮಾಡಿದರೆ, ನಾಳೆ ಯಾರಿಗೆ ಏನು ಬೇಕೆಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಏಳನೇ ಹೆಜ್ಜೆ: ದಾಖಲೆ

ದಾಖಲೆ ಕಡಿಮೆಯಿರಲಿ. ವಾರಕ್ಕೊಂದು ಹಾಳೆ, ಎಡಗಡೆ ಹೆಸರು, ಮೇಲುಗಡೆ ಆ ವಾರದ ಎರಡು ಮೂರು ಕಲಿಕಾ ಫಲ. ಇನ್ನೂ ಸಾಧಿಸದವರ ಚೌಕದಲ್ಲಿ ಮಾತ್ರ ಗುರುತು. ಸಾಧಿಸಿದವರೆಲ್ಲರಿಗೂ ಗುರುತು ಹಾಕುತ್ತ ಕೂತರೆ ಕಣ್ಣಿಗೆ ಬೀಳಬೇಕಾದವರು ಬೀಳುವುದಿಲ್ಲ. ನಾಲ್ಕು ಎಫ್‌ಎಗಳಿಗೆ ಕೊಡಬೇಕಾದ ಚಟುವಟಿಕೆಗಳನ್ನೂ ಈ ಹಾಳೆಯಿಂದಲೇ ಆರಿಸಿಕೊಳ್ಳಬಹುದು. ಅಂಗಡಿಯಿಂದ ತಂದ ಚಾರ್ಟ್, ಅಣ್ಣ ಮಾಡಿಕೊಟ್ಟ ಮಾದರಿ, ಮುದ್ರಿಸಿ ತಂದ ಯೋಜನಾ ವರದಿ ಇವುಗಳಿಂದ ಮಗುವಿನ ಬಗ್ಗೆ ಏನೂ ತಿಳಿಯದು. ಬಡವರ ಮನೆಯ ಮೇಲೆ ಖರ್ಚು ಬೀಳುತ್ತದೆ ಅಷ್ಟೇ. ಚಟುವಟಿಕೆ ತರಗತಿಯಲ್ಲೇ, ಶಿಕ್ಷಕರ ಕಣ್ಣೆದುರಿಗೇ ನಡೆಯಲಿ.

ಗೈರಾದ ಮಕ್ಕಳಿಗೆ ಈ ಹಾಳೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೆಸರು ಬಿಡಿಸುವ ಕಾಲ, ಹತ್ತಿ ಬಿಡಿಸುವ ಕಾಲ, ಬ್ಯಾಡಗಿ ಕಡೆ ಮೆಣಸಿನಕಾಯಿ ಕೀಳುವ ಕಾಲ ಬಂದಾಗ ಬೆಂಚುಗಳು ಖಾಲಿಯಾಗುತ್ತವೆ. ಕೆಲವು ಕುಟುಂಬಗಳು ಗೋವಾ, ಮಂಗಳೂರಿಗೆ ದುಡಿಯಲು ಹೋಗಿ ತಿಂಗಳುಗಟ್ಟಲೆ ಬರುವುದಿಲ್ಲ. ಹಿಂತಿರುಗಿದ ಮಗುವನ್ನು ಸಾಗುತ್ತಿರುವ ಪಾಠದೊಳಗೆ ನೇರ ಕೂರಿಸಿದರೆ ಅದು ಅಲ್ಲಿಂದಲೇ ಶಾಲೆ ಬಿಡುವ ದಾರಿ ಹಿಡಿಯುತ್ತದೆ. ಅದು ತಪ್ಪಿಸಿಕೊಂಡ ವಾರಗಳ ಹಾಳೆ ತೆಗೆದು, ಪ್ರತಿ ಕಲಿಕಾ ಫಲಕ್ಕೆ ಒಂದೊಂದು ಪ್ರಶ್ನೆಯನ್ನು ಪಾಟಿಯ ಮೇಲೆ ಮಾಡಿಸಿದರೆ ಅರ್ಧ ಗಂಟೆಯಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತದೆ. ಹತ್ತಿಯ ಕೂಲಿಯ ಲೆಕ್ಕ ಮಾಡಿದ ಮಗು ಗುಣಾಕಾರವನ್ನು ಹೊಲದಲ್ಲೇ ಕಲಿತು ಬಂದಿರುವುದೂ ಉಂಟು. ಅದನ್ನು ಕೇಳಿ ತಿಳಿದು ಹಾಳೆಯಲ್ಲಿ ಬರೆಯಬೇಕು.

ಪಾಲಕರ ಸಭೆಯಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಅಂಕಪಟ್ಟಿ ಓದುವ ಬದಲು ಜೂನ್ ತಿಂಗಳ ವಹಿಯ ಒಂದು ಪುಟವನ್ನೂ ಸೆಪ್ಟೆಂಬರಿನ ಒಂದು ಪುಟವನ್ನೂ ಅಕ್ಕಪಕ್ಕ ಇಡಿ. ಓದು ಬಾರದ ತಾಯಿಗೂ ವ್ಯತ್ಯಾಸ ಕಾಣುತ್ತದೆ. ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆಗೆ ಹೋಗುವಾಗ ಹತ್ತು ಬಾಗಿಲ ಚೀಟಿಗಳನ್ನು ಹೆಸರು ಮುಚ್ಚಿ ಒಯ್ಯಿರಿ. ಒಂದೇ ತಪ್ಪನ್ನು ನಾಲ್ಕು ಶಾಲೆಯ ಶಿಕ್ಷಕರು ಕೂಡಿ ನೋಡಿದರೆ ನಾಲ್ಕು ಬಗೆಯ ದಾರಿ ಹೊಳೆಯುತ್ತದೆ. ರೊಟ್ಟಿ ಮತ್ತು ಹಲಗೆಯ ಪ್ರಶ್ನೆಗಳನ್ನು ಬೆನ್ನುಬೆನ್ನಿಗೆ ಕೇಳುವ ಉಪಾಯ ನನಗೆ ಸಿಕ್ಕಿದ್ದು ಅಂಥ ಒಂದು ಸಭೆಯಲ್ಲಿ, ಪಕ್ಕದೂರಿನ ಶಿಕ್ಷಕಿಯೊಬ್ಬರಿಂದ.

ಇವೆಲ್ಲವನ್ನೂ ಒಂದೇ ತಿಂಗಳಲ್ಲಿ ಶುರು ಮಾಡಲು ಹೋಗಬೇಡಿ. ನಿಮಗೆ ಅತಿ ಸಲೀಸಾದ ಒಂದು ವಿಷಯ, ಅದರಲ್ಲಿ ಮಕ್ಕಳು ಪ್ರತಿ ವರ್ಷವೂ ಎಡವುವ ಒಂದು ಘಟಕ, ವಾರಕ್ಕೆ ಒಂದು ಚೆನ್ನಾಗಿ ಹೆಣೆದ ಪ್ರಶ್ನೆ, ಒಮ್ಮೆ ಪಾಟಿ ಎತ್ತಿಸುವುದು, ಇಷ್ಟರಿಂದ ಆರಂಭಿಸಿ, ಎರಡು ತಿಂಗಳ ನಂತರ ಟಿಪ್ಪಣಿ ಬರೆಯುವುದನ್ನು ಸೇರಿಸಿಕೊಳ್ಳಿ. ಕೇಳಿದ ಪ್ರತಿ ಪ್ರಶ್ನೆಯನ್ನೂ ಒಂದು ಚೀಟಿಯಲ್ಲಿ ಬರೆದು, ಹಿಂದುಗಡೆ ಮಕ್ಕಳು ಕೊಟ್ಟ ತಪ್ಪು ಉತ್ತರಗಳನ್ನೂ ಎಷ್ಟು ಮಂದಿ ಕೊಟ್ಟರೆಂಬುದನ್ನೂ ಗುರುತಿಸಿ, ಘಟಕಕ್ಕೊಂದರಂತೆ ಲಕೋಟೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಜೂನ್‌ನಲ್ಲಿ ಆ ಘಟಕದ ಪಾಠ ಯೋಜನೆ ಬರೆಯುವ ಮುನ್ನ ಲಕೋಟೆಯನ್ನು ತೆರೆಯಿರಿ.